ಅರ್ಥಶಾಸ್ತ್ರದ ಪಶ್ವಾಹಾರವಿಧಿ: ಎರಡು ಪದಗಳ ವಿಚಾರ

ಕೌಟಲೀಯ ಅರ್ಥಶಾಸ್ತ್ರದ ಓಲೆಯ ಪ್ರತಿಯು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ದೊರೆತು, 1909ರಲ್ಲಿ ಶಾಮಶಾಸ್ತ್ರಿಗಳಿಂದ ಮುದ್ರಿತವಾದಂದಿನಿಂದ ವಿದ್ವಾಂಸರ ದೃಷ್ಟಿಯು ಬಹುಮಟ್ಟಿಗೆ ಅದರ ರಾಜನೀತಿಭಾಗದಲ್ಲಿಯೇ ನೆಟ್ಟಿರುವುದು. ದ್ವಿತೀಯಾಧಿಕರಣದ ಗೋಧ್ಯಕ್ಷಾಶ್ವಾಧ್ಯಕ್ಷ ಪ್ರಕರಣಗಳನ್ನು ಹುಲ್ಲುಹಿಂಡಿಗಳ ಪಟ್ಟಿಯೆಂದು ದಾಟಿಹೋಗುವವರೇ ಹೆಚ್ಚು. ಪಶುವಿನ ಬೆಳವಣಿಗೆಗೂ ಮೇವಿಗೂ ಇರುವ ಸಂಬಂಧವನ್ನು ಶಾಸ್ತ್ರಕಾರನು ಎಷ್ಟು ಬಿಗಿಯಾದ ಗದ್ಯದಲ್ಲಿ ಹಿಡಿದಿರುವನೆಂಬುದು ಇದರಿಂದ ಮರೆಯಾಗಿದೆ.

ಕುದುರೆಯ ಮರಿಯ ವಿಷಯವನ್ನು ನೋಡಬಹುದು. ಹತ್ತು ರಾತ್ರಿಗಳು ಕಳೆದ ಬಳಿಕ ಆರು ತಿಂಗಳವರೆಗೆ ಅದಕ್ಕೆ ಕಾಲುಭಾಗ ತುಪ್ಪ ಸೇರಿದ ಒಂದು ಕುಡುಬ ಹಿಟ್ಟು, ಒಂದು ಪ್ರಸ್ಥ ಹಾಲು, ಮುಂದೆ ಮೂರು ವರ್ಷದವರೆಗೆ ತಿಂಗಳು ತಿಂಗಳಿಗೂ ‘ಅರ್ಧವೃದ್ಧಿ’ಯೊಡನೆ ಪ್ರಸ್ಥ ಜವೆ, ನಾಲ್ಕು ವರ್ಷದವರೆಗೆ ಒಂದು ದ್ರೋಣ. ಈ ಅರ್ಧವೃದ್ಧಿಯೆಂದರೇನು? ಹಿಂದಿನ ತಿಂಗಳ ಪ್ರಮಾಣದ ಅರ್ಧವನ್ನು ಕೂಡಿಸುತ್ತ ಹೋದರೆ ಮೂರನೆಯ ವರ್ಷದ ಕೊನೆಗೆ ಜವೆಯು ಲಕ್ಷ ಪ್ರಸ್ಥಗಳನ್ನು ಮೀರುವುದು. ಅರಸನ ಕಣಜವೇ ಒಂದು ಮರಿಗೆ ಸಾಲದು. ಅರ್ಧಪ್ರಸ್ಥದ ವೃದ್ಧಿಯೆಂದು ಗ್ರಹಿಸಿದರೆ ಏಳನೆಯ ತಿಂಗಳಿಗೆ ಒಂದು ಪ್ರಸ್ಥ, ಮೂವತ್ತಾರನೆಯದಕ್ಕೆ ಹದಿನೈದೂವರೆ, ಮೂವತ್ತೇಳನೆಯದಕ್ಕೆ ಹದಿನಾರು. ಹದಿನಾರು ಪ್ರಸ್ಥವೇ ಒಂದು ದ್ರೋಣ! ಮುಂದಿನ ಪದವು ಹಿಂದಿನ ಪದದ ಅರ್ಥವನ್ನು ತಾನೇ ನಿರ್ಣಯಿಸುತ್ತದೆ. ಇದಕ್ಕೆ ವ್ಯಾಖ್ಯಾನದ ಹಂಗಿಲ್ಲ. ಮಾನಪರಿಭಾಷೆಯನ್ನು ಬಲ್ಲವನಿಗೆ ಸಾಕು.

ಎರಡನೆಯದು ‘ಕ್ಷಾರ’ಶಬ್ದ. ಮೂಗುದಾರವುಳ್ಳ, ಕುದುರೆಗೆ ಸಮನಾಗಿ ಓಡುವ ಎತ್ತುಗಳಿಗೆ ಹುಲ್ಲು, ಒಂದು ತುಲೆ ಹಿಂಡಿ, ಹತ್ತು ಆಢಕ ನುಚ್ಚುತೌಡು, ಐದು ಪಲ ಉಪ್ಪು ಮೊದಲಾದುವನ್ನು ವಿಧಿಸಿ, ಪ್ರತಿಪಾನದಲ್ಲಿ ಹತ್ತು ಪಲ ಕ್ಷಾರವನ್ನೂ ಒಂದು ಪಲ ಶುಂಠಿಯನ್ನೂ ಹೇಳಿದೆ. ವೈದ್ಯಶಾಸ್ತ್ರದ ಸಂಸ್ಕಾರವುಳ್ಳವರು ಇದನ್ನು ಸುಟ್ಟ ಬೂದಿಯಿಂದ ತೆಗೆದ ಕಾರವೆಂದು ಭಾವಿಸುವುದು ಸಹಜವೇ. ಅಷ್ಟನ್ನು ದಿನವೂ ಕುಡಿಸಿದರೆ ಎತ್ತಿನ ಗತಿಯೇನು? ಕೋಷ್ಠಾಗಾರಾಧ್ಯಕ್ಷ ಪ್ರಕರಣದಲ್ಲಿ ಕಾಕಂಬಿ, ಬೆಲ್ಲ, ಸಕ್ಕರೆ ಮೊದಲಾದುವೇ ಕ್ಷಾರವರ್ಗವೆಂದು ಗ್ರಂಥಕಾರನು ಮೊದಲೇ ಸಾರಿರುವನು. ಒಂದು ಶಾಸ್ತ್ರದ ಪರಿಭಾಷೆಯನ್ನು ಮತ್ತೊಂದರ ನಿಘಂಟಿನಿಂದ ಬಿಡಿಸಹೊರಟರೆ ಬೆಲ್ಲವು ಬೂದಿಯಾಗುತ್ತದೆ. ಪಾಠಶಾಲೆಗಳಲ್ಲಿ ಕೋಶವನ್ನು ಕಂಠಸ್ಥ ಮಾಡಿದವರಿಗೇ ಈ ಅಪಾಯ ಹೆಚ್ಚು.

ಹೀಗೆಂದು ವಿಧಿಯೆಲ್ಲವೂ ಇಂದಿಗೆ ಗ್ರಾಹ್ಯವೆನ್ನಲಾಗದು. ಅದೇ ಎತ್ತಿಗೆ ಒಂದು ತುಲೆ ಮಾಂಸವನ್ನೂ ಹೇಳಿದೆ. ಬ್ರಿಟನ್ನಿನಲ್ಲಿ 1986ರಲ್ಲಿ ದನಗಳ ಮಿದುಳುರೋಗವು ಗುರುತಿಸಲ್ಪಟ್ಟು, ಮಾಂಸಾಸ್ಥಿಗಳ ಪುಡಿಯ ಮೇವೇ ಅದನ್ನು ಹರಡಿತೆಂದು ತಿಳಿದು, 1988ರಲ್ಲಿ ಮೆಲುಕು ಹಾಕುವ ಪಶುಗಳಿಗೆ ಅಂತಹ ಮೇವು ನಿಷಿದ್ಧವಾಯಿತು. ದುಡಿಯುವ ಎತ್ತಿಗೂ ಕರೆಯುವ ಹಸುವಿಗೂ ದುಡಿಮೆಯನ್ನೂ ಫಲವನ್ನೂ ನೋಡಿ ಮೇವಿಡಬೇಕೆಂಬ ಮಾತಾದರೋ ಇಂದಿನ ಪಶುಪಾಲಕರೂ ಒಪ್ಪತಕ್ಕುದು.

ಹಂದಿಯ ಮಾತು ಬೇರೆ. ಕುದುರೆ, ಕತ್ತೆ, ಒಂಟೆಗಳೊಡನೆ ವರಾಹವ್ರಜವೂ ಹಿಂದೆ ಹೇಳಿದುದರಿಂದಲೇ ವ್ಯಾಖ್ಯಾತವಾಯಿತೆಂದು ಒಂದೇ ವಾಕ್ಯದಲ್ಲಿ ಮುಗಿಸಿದೆ. ಅದು ಮಂದೆಯ ಆಡಳಿತಕ್ಕೆ ಸಂದ ಅತಿದೇಶವೇ ಹೊರತು ಮೇವಿಗಲ್ಲ. ಕಾಲುಭಾಗ ಕಡಮೆಯ ವಿಧಿಯು ಹೇಸರಗತ್ತೆ, ಹಸು, ಕತ್ತೆಗಳಿಗೆ; ಇಮ್ಮಡಿಯ ವಿಧಿಯು ಕೋಣ, ಒಂಟೆಗಳಿಗೆ. ಎರಡರಲ್ಲಿಯೂ ಹಂದಿಯಿಲ್ಲ. ಆದುದರಿಂದ ಹಂದಿಯ ಆಹಾರಪ್ರಮಾಣವನ್ನು ಈ ವಿಧಿಗಳಿಂದ ಊಹಿಸದೆ, ಕೋಷ್ಠಾಗಾರಾಧ್ಯಕ್ಷ ಪ್ರಕರಣದಲ್ಲಿ ಅದಕ್ಕೆ ಹೇಳಿರುವ ಅರ್ಧ ಆಢಕವನ್ನೇ ಗ್ರಹಿಸಬೇಕು. ಎಲ್ಲಕ್ಕೂ ಹುಲ್ಲುನೀರು ಯಥೇಚ್ಛವಾಗಿರಬೇಕೆಂಬ ಸಾಮಾನ್ಯವಿಧಿಯು ಅದಕ್ಕೂ ಸಲ್ಲುವುದು.