ಮಾರ್ಷಲ್‌ಗಳ ಕೈಗೆ ಇನ್ನೇನು ಕೊಡಬೇಕು?

ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಕಸದ ಗುಡ್ಡೆ ಬೆಳೆದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಪಾಲಿಕೆಯ ಮಾರ್ಷಲ್‌ಗಳಿಗೆ ಪೊಲೀಸರ ಅಧಿಕಾರ ಕೊಟ್ಟುಬಿಡಿ, ಜನ ತಾವಾಗಿಯೇ ಸರಿದಾರಿಗೆ ಬರುತ್ತಾರೆ. ಓದಿದವರು, ಬಡಾವಣೆಯ ಸಂಘಗಳವರು, ಎಲ್ಲರೂ ಒಪ್ಪುವ ಮಾತಿದು. ನಾನು ಒಪ್ಪುವುದಿಲ್ಲ.

ಈ ಮಾರ್ಷಲ್‌ಗಳಲ್ಲಿ ಹೆಚ್ಚಿನವರು ಮಾಜಿ ಸೈನಿಕರು. 2019ರಲ್ಲಿ ಬಿಬಿಎಂಪಿ ಅವರನ್ನು ಕಸದ ಮೇಲ್ವಿಚಾರಣೆಗೆ ಹಚ್ಚಿತು. ಮರುವರ್ಷ ಕೊರೊನಾ ಬಂದು, ಅವರೇ ಮಾಸ್ಕಿನ ದಂಡ ವಸೂಲಿಗೂ ನಿಲ್ಲಬೇಕಾಯಿತು. ಆ ಅಕ್ಟೋಬರಿನಲ್ಲಿ ಸರ್ಕಾರ ದಂಡವನ್ನು 1000 ರೂಪಾಯಿಗೆ ಏರಿಸಿ, ಜನ ಸಿಡಿದೇಳುತ್ತಲೇ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿತು. ಆದೇಶ ಬರೆದವರು ಕಚೇರಿಯಲ್ಲಿದ್ದರು. ಬೈಗುಳ ತಿಂದವರು ಬೀದಿಯಲ್ಲಿ ರಸೀದಿ ಹಿಡಿದು ನಿಂತವರು.

ಸಂವಿಧಾನದಲ್ಲಿ ಪೊಲೀಸ್ ಇಲಾಖೆ ರಾಜ್ಯ ಪಟ್ಟಿಗೆ ಸೇರಿದ್ದು. 74ನೇ ತಿದ್ದುಪಡಿಯೊಂದಿಗೆ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆಂದು ಹೇಳಿದ 18 ವಿಷಯಗಳಲ್ಲಿ ಕಸವಿದೆ, ನೀರಿದೆ, ಸ್ಮಶಾನವೂ ಇದೆ. ಪೊಲೀಸ್ ಇಲ್ಲ. ಹೀಗಾಗಿ ಬೇರೆ ಕಾನೂನು ಅಧಿಕಾರ ಕೊಡದ ಹೊರತು, ಒಬ್ಬರನ್ನು ಹಿಡಿಯುವ ವಿಷಯದಲ್ಲಿ ಮಾರ್ಷಲ್ ನಮ್ಮನಿಮ್ಮಂತೆ ಸಾಮಾನ್ಯ ಪ್ರಜೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ, ಘೋಷಿತ ಅಪರಾಧಿಯನ್ನು ಬಿಟ್ಟರೆ, ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ ಅಪರಾಧ ಮಾಡಿದವನನ್ನು ಮಾತ್ರ ಹಿಡಿಯಬಹುದು. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ರಸ್ತೆಗೆ ಕಸದ ಚೀಲ ಎಸೆಯುವುದು ಆ ಸಾಲಿಗೆ ಬರುವುದಿಲ್ಲ.

ಕಸ ಸುರಿಯುವವರನ್ನು ತಡೆಯಲು ಹೋದ ಸಿಬ್ಬಂದಿಯ ಮೇಲೆ ಕೈ ಮಾಡುವವರಿದ್ದಾರೆ, ಅದು ನಿಜ. ಆಗ ಠಾಣೆಯವರು ಕೂಡಲೇ ಬರಬೇಕು, ದೂರು ದಾಖಲಿಸಿಕೊಳ್ಳಬೇಕು. ಅದು ಅವರ ಕೆಲಸ. ಅವರು ಬಾರದ ಊರಿನಲ್ಲಿ ಮಾರ್ಷಲ್‌ಗೆ ಲಾಠಿ ಕೊಟ್ಟರೆ ಜಗಳ ದೊಡ್ಡದಾಗುತ್ತದೆ, ಅಷ್ಟೆ.

ಇಂಥ ಅಧಿಕಾರದ ಬಿಸಿ ಮೊದಲು ತಟ್ಟುವುದು ತಳ್ಳುಗಾಡಿಯವರಿಗೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಎಷ್ಟು ಸ್ಪಷ್ಟವಾಗಿದೆ ನೋಡಿ: ಎಬ್ಬಿಸುವ ಮುನ್ನ 30 ದಿನಗಳ ನೋಟಿಸು ಕೊಡಬೇಕು. ಸರಕು ವಶಕ್ಕೆ ತೆಗೆದುಕೊಂಡರೆ ಪಟ್ಟಿ ಬರೆದು, ಸಹಿ ಹಾಕಿದ ಪ್ರತಿಯನ್ನು ವ್ಯಾಪಾರಿಯ ಕೈಗೆ ಕೊಡಬೇಕು. ಕೇಳಿಕೊಂಡು ಬಂದರೆ, ಕೊಳೆಯುವ ಸರಕನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಸಾಲ ತಂದು ಮುಂಜಾನೆ ಸೊಪ್ಪು ಕೊಂಡ ಹೆಂಗಸಿಗೆ ‘ಅದೇ ದಿನ’ ಎಂಬ ಮಾತಿನ ಮೇಲೆ ಮರುದಿನದ ಬಂಡವಾಳ ನಿಂತಿದೆ. ಗಾಡಿ ಎತ್ತಿ ಲಾರಿಗೆ ಹಾಕುವವರಿಗೆ ಈ ಕಲಮುಗಳನ್ನು ಕಲಿಸಿದವರು ಯಾರು? ಪಟ್ಟಿ ಕೊಡದೆ ಸರಕು ಒಯ್ದವರಿಗೆ ಏನು ಶಿಕ್ಷೆ? ಅಧಿಕಾರ ಸಾಲದು ಎನ್ನುವವರು ಈ ಪ್ರಶ್ನೆಗಳನ್ನು ಕೇಳುವುದೇ ಇಲ್ಲ.

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳು. ಒಂದೊಂದೂ ಸಮವಸ್ತ್ರದವರನ್ನು ಬೀದಿಗೆ ಕಳಿಸುವ ಮುನ್ನ ಅವರ ಎದೆಯ ಮೇಲೆ ಹೆಸರಿರಲಿ. ಯಾವ ಕಲಮಿನಡಿ ದಂಡ ಎಂಬುದು ರಸೀದಿಯಲ್ಲಿ ಅಚ್ಚಾಗಿರಲಿ. ವಶಪಡಿಸಿಕೊಂಡ ಸರಕಿನ ಪಟ್ಟಿ ಕಡ್ಡಾಯವಾಗಲಿ. ತಪ್ಪಿದವರ ಮೇಲೆ ದೂರು ಕೇಳಲು ಪಾಲಿಕೆಯ ಹಂಗಿಲ್ಲದ ಒಬ್ಬ ಅಧಿಕಾರಿ ಇರಲಿ. ಇದಕ್ಕೆ ಹೊಸ ಲಾಠಿ ಬೇಡ, ಒಂದು ಅಧಿಸೂಚನೆ ಸಾಕು.