ಪಟ್ಟಿಯಲ್ಲಿದ್ದಾರೆ, ಸರಿ. ಆಮೇಲೆ?

ಹೋದ ತಿಂಗಳು ವಾಟ್ಸಾಪ್‌ನಲ್ಲಿ ಒಂದು ಎಕ್ಸೆಲ್ ಶೀಟ್ ಬಂತು. ಕಳಿಸಿದವರು ನಮ್ಮ ಹೈಸ್ಕೂಲಿನ ನಿವೃತ್ತ ಮಾಸ್ತರು. ಶಾಲೆಗೆ ಐವತ್ತು ತುಂಬುತ್ತಿದೆ, ಸ್ಮರಣ ಸಂಚಿಕೆ ಬರುತ್ತದೆ, ಅದರಲ್ಲಿ 'ನಮ್ಮ ಹೆಮ್ಮೆಯ ಗಣ್ಯರು' ಅಂತ ಎರಡು ಪುಟ. "ತಮಾ, ನೀ ಕಂಪ್ಯೂಟರಿನವ. ಇದನ್ನ ಸ್ವಲ್ಪ ನೀಟ್ ಮಾಡಿ ಕುಮಟೆಯ ಪ್ರೆಸ್ಸಿಗೆ ಕಳಿಸು" ಅಂದರು. ಹೊನ್ನಾವರ ತಾಲೂಕಿನ ನಮ್ಮ ಊರಿನವರ ಲೆಕ್ಕದಲ್ಲಿ ಕಂಪ್ಯೂಟರಿನವ ಅಂದರೆ ಅವನಿಗೆ ಮೊಬೈಲ್ ರಿಪೇರಿಯಿಂದ ಹಿಡಿದು ಆಧಾರ್ ತಿದ್ದುಪಡಿವರೆಗೆ ಎಲ್ಲ ಬರಬೇಕು. ಹಾಗಾಗಿ ಇಲ್ಲ ಅನ್ನಲಿಲ್ಲ.

ಮೂವತ್ತೊಂದು ಹೆಸರು. ಹೆಸರು, ಹುದ್ದೆ, ಊರು ಅಂತ ಮೂರು ಕಾಲಂ. ಡಾಕ್ಟರುಗಳು, ಬ್ಯಾಂಕ್ ಮ್ಯಾನೇಜರುಗಳು, ಒಬ್ಬರು ತಹಶೀಲ್ದಾರರು, ಇಬ್ಬರು ದುಬೈ. ಹದಿನೇಳನೇ ಸಾಲಿನಲ್ಲಿ ನಾನು: ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಸ್ಕ್ರೀನ್‌ಶಾಟ್ ತೆಗೆದು ಹೆಂಡತಿಗೆ ತೋರಿಸಿದೆ. ಅವಳು ಓದಿ, "ನೀವು ಆ ಶಾಲೆಗೆ ಎಂತ ಮಾಡಿದ್ದೀರಿ?" ಅಂತ ಒಂದೇ ಪ್ರಶ್ನೆ ಕೇಳಿದಳು. ಅವಳು ಚುಚ್ಚಲಿಕ್ಕೆ ಕೇಳಿದ್ದಲ್ಲ. ಆದರೂ ಆ ಪ್ರಶ್ನೆಯ ದೆಸೆಯಿಂದ ಈ ಅಂಕಣ ಬರೆಯಬೇಕಾಯಿತು.

ಇಂಥ ಪಟ್ಟಿಯನ್ನು ನಾನು ಮೊದಲು ಗಮನಿಸಿ ನೋಡಿದ್ದು ಅಮೆರಿಕದಲ್ಲಿ. ಆನ್‌ಸೈಟ್ ಅಂತ ಒಹಾಯೊ ರಾಜ್ಯದ ಸಣ್ಣ ಊರೊಂದರಲ್ಲಿ ಆರು ತಿಂಗಳು ಇದ್ದೆ. ಅಲ್ಲಿನ ಸಹೋದ್ಯೋಗಿಯೊಬ್ಬ ಶುಕ್ರವಾರ ಸಂಜೆ ಮೀನಿನ ಊಟಕ್ಕೆ ಅಂತ ಎಲ್ಕ್ಸ್ ಲಾಡ್ಜಿಗೆ ಕರೆದುಕೊಂಡು ಹೋದ. ಲಾಡ್ಜ್ ಅಂದರೆ ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜ್ ಅಲ್ಲ. ಅದು ಒಂದು ಸೋದರ ಸಂಘದ ಶಾಖೆ. ಈ ಎಲ್ಕ್ಸ್ ಸಂಘ 1868ರಲ್ಲಿ ನ್ಯೂಯಾರ್ಕಿನಲ್ಲಿ ನಾಟಕ, ಹಾಡು ಅಂತ ಬದುಕುತ್ತಿದ್ದವರು ಕಟ್ಟಿದ್ದು. ಭಾನುವಾರ ಹೆಂಡ ಮಾರುವ ಹಾಗಿಲ್ಲ ಅಂತ ಅಲ್ಲಿ ಕಾನೂನು ಇತ್ತಲ್ಲ, ಅದನ್ನು ತಪ್ಪಿಸಿ ಒಟ್ಟಿಗೆ ಕೂತು ಕುಡಿಯಲಿಕ್ಕೆ ಅಂತ ಶುರುವಾದ ಗುಂಪು, ಮುಂದೆ ದೇಶವಿಡೀ ಹಬ್ಬಿ ದಾನಧರ್ಮಕ್ಕೆ ಹೆಸರಾಯಿತು. ಗೋಡೆಯ ಮೇಲೆ ಗಣ್ಯ ಸದಸ್ಯರ ಹೆಸರುಗಳಿದ್ದವು. ಹಾರ್ಡಿಂಗ್, ಫ್ರಾಂಕ್ಲಿನ್ ರೂಸ್‌ವೆಲ್ಟ್, ಟ್ರೂಮನ್, ಕೆನಡಿ, ಫೋರ್ಡ್. ಐದು ಜನ ಅಧ್ಯಕ್ಷರು! ನಾನು ಮೀನು ಬಿಟ್ಟು ಗೋಡೆಯನ್ನೇ ನೋಡುತ್ತಾ ನಿಂತೆ.

ರೂಮಿಗೆ ಬಂದಮೇಲೆ ನಮ್ಮ ಕಸುಬಿನ ಒಂದು ಉಪಾಯ ನೆನಪಾಯಿತು. ಹಳೇ ಕೋಡ್ ಕೈಗೆ ಬಂದಾಗ, ಈ ಸಾಲು ನಿಜವಾಗಿ ಏನಾದರೂ ಕೆಲಸ ಮಾಡುತ್ತಿದೆಯಾ ಅಂತ ಸಂಶಯ ಬಂದರೆ ಅದನ್ನು ಕಾಮೆಂಟ್ ಮಾಡಿ ಪ್ರೋಗ್ರಾಮ್ ಓಡಿಸುತ್ತೇವೆ. ಏನೂ ವ್ಯತ್ಯಾಸ ಆಗದಿದ್ದರೆ ಅದು ಡೆಡ್ ಕೋಡ್. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟ್ರೂಮನ್ ಅವರ ಜೀವನದಿಂದ ಎಲ್ಕ್ಸ್ ಸದಸ್ಯತ್ವವನ್ನು ಕಾಮೆಂಟ್ ಮಾಡಿ ನೋಡಿ. ಯುದ್ಧ ಹಾಗೇ ಮುಗಿಯುತ್ತದೆ, ಚುನಾವಣೆ ಹಾಗೇ ಗೆಲ್ಲುತ್ತಾರೆ. ಗೋಡೆಯಿಂದ ಒಂದು ಹೆಸರು ಹೋಗುತ್ತದೆ, ಅಷ್ಟೇ. ಸಂಘ ಅವರಿಂದ ಹೆಸರು ಪಡೆಯಿತು. ಅವರು ಸಂಘದಿಂದ ಬದಲಾಗಲಿಲ್ಲ, ಸಂಘಕ್ಕಾಗಿ ಏನನ್ನೂ ಬಿಡಲಿಲ್ಲ.

ಆ ಗೋಡೆ ಇನ್ನೊಂದನ್ನೂ ಹೇಳುವುದಿಲ್ಲ. 1973ರವರೆಗೆ ಎಲ್ಕ್ಸ್ ಸದಸ್ಯರಾಗಲು ಬಿಳಿಯರಾಗಿರಬೇಕಿತ್ತು. ಒಳಗೆ ಸೇರಿಸದ ಕಾರಣ ಕಪ್ಪು ಜನ ಅದೇ ಒಹಾಯೊದ ಸಿನ್ಸಿನಾಟಿಯಲ್ಲಿ 1898ರಲ್ಲಿ ತಮ್ಮದೇ ಎಲ್ಕ್ಸ್ ಸಂಘ ಕಟ್ಟಿಕೊಂಡರು. ಅಂದರೆ ಗಣ್ಯರ ಪಟ್ಟಿ ಯಾರು ಬಂದರು ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತದೆ, ಬಾಗಿಲಲ್ಲಿ ಯಾರನ್ನು ನಿಲ್ಲಿಸಿದೆವು ಅನ್ನುವುದನ್ನು ಬರೆಯುವುದೇ ಇಲ್ಲ.

ಹಾಗಂತ ಆ ಸಂಘಗಳೆಲ್ಲ ಬರೀ ಬಡಾಯಿ ಅಂತ ನಾನು ಹೇಳುತ್ತಿಲ್ಲ. ಅದೇ 1898ರಲ್ಲಿ ಸಿಯಾಟಲ್‌ನ ಆರು ಜನ ನಾಟಕಶಾಲೆ ಮಾಲೀಕರು ಸೇರಿ ಈಗಲ್ಸ್ ಅಂತ ಇನ್ನೊಂದು ಸಂಘ ಮಾಡಿದರು. ಅಲ್ಲಿ ಸದಸ್ಯನಿಗೆ ಕಾಯಿಲೆ ಬಂದರೆ ಸಹಾಯಧನ, ಸತ್ತರೆ ಅಂತ್ಯಕ್ರಿಯೆಯ ಖರ್ಚು ಸಿಗುತ್ತಿತ್ತು. ಮುದುಕರಿಗೆ ಪಿಂಚಣಿ ಬೇಕು ಅಂತ ಆ ಸಂಘ ವರ್ಷಗಟ್ಟಲೆ ಒತ್ತಾಯ ಮಾಡಿತು. 1935ರಲ್ಲಿ ಅಮೆರಿಕದ ಸಾಮಾಜಿಕ ಭದ್ರತಾ ಕಾನೂನು ಬಂತು. ರೂಸ್‌ವೆಲ್ಟ್ ಈಗಲ್ಸ್ ಪಟ್ಟಿಯಲ್ಲೂ ಇದ್ದಾರೆ. ಆದರೆ ನನ್ನ ಪರೀಕ್ಷೆಯಲ್ಲಿ ಪಾಸಾಗುವುದು ಚಂದಾ ಕಟ್ಟಿ, ಸಹಿ ಸಂಗ್ರಹಿಸಿ, ಗೋಡೆಯಲ್ಲಿ ಹೆಸರೇ ಇಲ್ಲದೆ ಹೋದ ಸದಸ್ಯರು.

ಈಗ ನಮ್ಮ ಕಡೆಗೆ ಬರುತ್ತೇನೆ. ಸದಸ್ಯತ್ವವನ್ನು ಕಾಮೆಂಟ್ ಮಾಡಿದರೆ ಇಡೀ ಪ್ರೋಗ್ರಾಮೇ ಬಿದ್ದುಹೋಗುವಂಥ ಸದಸ್ಯರು ಯಾರಾದರೂ ಇದ್ದಾರಾ? ನಮ್ಮ ಉತ್ತರ ಕನ್ನಡದಲ್ಲೇ ಇದ್ದಾರೆ. ಆದರೆ ನಾವು ಅವರನ್ನು ಬೇರೆಯೇ ಪಟ್ಟಿಗೆ ಹಾಕಿಟ್ಟಿದ್ದೇವೆ.

1905ರ ಫೆಬ್ರವರಿಯಲ್ಲಿ ಶಿಕಾಗೊದಲ್ಲಿ ರೋಟರಿ ಕ್ಲಬ್ ಶುರುವಾಯಿತು. ಅದಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, ಜೂನ್ 12ಕ್ಕೆ ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಸ್ಥಾಪಿಸಿದರು. ಎರಡೂ ಸೇವೆಯ ಹೆಸರು ಹೇಳುವ ಸಂಘಗಳೇ. ಆದರೆ ಒಳಗೆ ಹೋಗುವ ಬಾಗಿಲು ಬೇರೆ. ಸೊಸೈಟಿ ಸೇರುವವರು ಏಳು ಪ್ರತಿಜ್ಞೆ ಮಾಡಬೇಕಿತ್ತು. ಮೊದಲ ಸ್ಥಾನ ದೇಶಕ್ಕೆ. ದೇಶಸೇವೆಯಲ್ಲಿ ಸ್ವಂತ ಲಾಭ ಹುಡುಕಬಾರದು. ಜಾತಿ ಮತ ನೋಡದೆ ಎಲ್ಲ ಭಾರತೀಯರನ್ನು ಸೋದರರು ಅಂತ ತಿಳಿಯಬೇಕು. ಸೊಸೈಟಿ ಕೊಟ್ಟಷ್ಟರಲ್ಲಿ ಸಂಸಾರ ನಡೆಸಬೇಕು, ದುಡ್ಡು ಮಾಡಲಿಕ್ಕೆ ಶಕ್ತಿ ಖರ್ಚು ಮಾಡಬಾರದು. ಶುದ್ಧವಾಗಿ ಬದುಕಬೇಕು. ಯಾರೊಂದಿಗೂ ಸ್ವಂತ ಜಗಳ ಇಟ್ಟುಕೊಳ್ಳಬಾರದು. ಸೊಸೈಟಿಯ ಉದ್ದೇಶ ಸದಾ ನೆನಪಿರಬೇಕು. ಇದರ ಮೇಲೆ ಐದು ವರ್ಷ ತರಬೇತಿ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಐದು ವರ್ಷ ಪ್ರೊಬೇಶನ್, ಹೈಕ್ ಇಲ್ಲ, ಇಎಸ್‌ಒಪಿ ಅಂತೂ ಇಲ್ಲವೇ ಇಲ್ಲ. ನಾಲ್ಕನೇ ಪ್ರತಿಜ್ಞೆ ಓದುವಾಗ ನನ್ನ ಫ್ಲ್ಯಾಟಿನ ಇಎಂಐ ನೆನಪಾಗಿ ಪುಟ ತಿರುಗಿಸಿಬಿಟ್ಟೆ.

ಈ ಸೊಸೈಟಿಗೂ ಗಣ್ಯ ಸದಸ್ಯರಿದ್ದಾರೆ. ಗೋಖಲೆಯವರ ನಂತರ ಅಧ್ಯಕ್ಷರಾದ ವಿ. ಎಸ್. ಶ್ರೀನಿವಾಸ ಶಾಸ್ತ್ರಿ, ಕಾರ್ಮಿಕರಿಗಾಗಿ ದುಡಿದ ಎನ್. ಎಂ. ಜೋಶಿ, ಆದಿವಾಸಿಗಳ ನಡುವೆ ಕೆಲಸ ಮಾಡಿದ ಠಕ್ಕರ್ ಬಾಪಾ. ಆದರೆ ನನಗೆ ಇಷ್ಟವಾಗಿದ್ದು ಆ ಪಟ್ಟಿಯಲ್ಲಿ ಇಲ್ಲದ ಹೆಸರು. ಗಾಂಧಿ ಈ ಸೊಸೈಟಿ ಸೇರಬೇಕು ಅಂತಿದ್ದರು. 1915ರಲ್ಲಿ ಗೋಖಲೆ ತೀರಿಕೊಂಡ ಮೇಲೆ, ಇವರ ದಾರಿ ಬೇರೆ ನಮ್ಮ ದಾರಿ ಬೇರೆ ಅಂತ ಕೆಲವು ಸದಸ್ಯರಿಗೆ ಅನ್ನಿಸಿತು. ಗಾಂಧಿ ತಾವೇ ಅರ್ಜಿ ಹಿಂದೆ ತೆಗೆದುಕೊಂಡರು. ಗಾಂಧಿಯನ್ನು ಒಳಗೆ ತೆಗೆದುಕೊಳ್ಳಲು ಯೋಚನೆ ಮಾಡಿದ ಸಂಘ! ಅವರ ನಿರ್ಧಾರ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಅವರಿಗೆ ಸದಸ್ಯತ್ವ ಅಂದರೆ ಗೋಡೆಗೆ ಹಾಕುವ ಹೆಸರಾಗಿರಲಿಲ್ಲ ಅನ್ನುವುದಂತೂ ಖಾತ್ರಿ.

ಈ ಸೊಸೈಟಿಗೆ 1930ರ ದಶಕದಲ್ಲಿ ಅಂಕೋಲೆ ಕಡೆಯ ಯುವಕರೊಬ್ಬರು ಸೇರಿದರು. ಎಂಎ ಆಗಿತ್ತು, ಎಲ್‌ಎಲ್‌ಬಿ ಆಗಿತ್ತು. ಮುಂಬಯಿಯಲ್ಲಿ ಕೋಟು ಹಾಕಿಕೊಂಡು ಆರಾಮಾಗಿ ಇರಬಹುದಿತ್ತು. ಹೆಸರು ದಿನಕರ ದೇಸಾಯಿ.

ಈ ಹೆಸರು ಕೇಳಿದ ಕೂಡಲೇ ನಿಮ್ಮ ಬಾಯಲ್ಲಿ ಏನು ಬಂತು ಅಂತ ನನಗೆ ಗೊತ್ತು. 'ಚುಟುಕು ಬ್ರಹ್ಮ.' ನಮ್ಮ ಜಿಲ್ಲೆಯ ಯಾವ ಸ್ಮರಣ ಸಂಚಿಕೆ ತೆಗೆದರೂ, ಯಾವ ಸಭೆಯ ಸ್ವಾಗತ ಭಾಷಣ ಕೇಳಿದರೂ ಅಷ್ಟೇ. ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲ ಅಂತ ಹೇಳುತ್ತಾ ನಡುವೆ 'ಚುಟುಕು ಬ್ರಹ್ಮ ದಿನಕರ ದೇಸಾಯಿ' ಅಂತ ಬರುತ್ತದೆ, ಒಂದು ನಾಲ್ಕು ಸಾಲು ಹೇಳುತ್ತಾರೆ, ಚಪ್ಪಾಳೆ, ಮುಂದಿನ ಹೆಸರು. ಅಮೆರಿಕದವರು ಸದಸ್ಯತ್ವವನ್ನು ಗೋಡೆಗೆ ಹಾಕಿ ಕೆಲಸ ಮರೆತರು. ನಾವು ಸದಸ್ಯತ್ವವನ್ನೇ ಅಳಿಸಿ ಬಿರುದು ಇಟ್ಟುಕೊಂಡೆವು. ಎರಡೂ ಒಂದೇ ಜಾತಿಯ ಬಗ್.

ದೇಸಾಯಿಯವರ ವಿಷಯದಲ್ಲಿ ಆ ಸಾಲನ್ನು ಕಾಮೆಂಟ್ ಮಾಡಿ ನೋಡೋಣ. ಸೊಸೈಟಿಯ ಕೆಲಸದಲ್ಲಿದ್ದಾಗ ಅವರು ಹಡಗು ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದು ಹೋಯಿತು. ನಮ್ಮ ಜಿಲ್ಲೆಯ ಗೇಣಿ ರೈತರನ್ನು ಸಂಘಟಿಸಿದರು, ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತು. ಅದೂ ಹೋಯಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಶಾಲೆಯೇ ಇಲ್ಲದ ಕಡೆಗಳಲ್ಲಿ ಶಾಲೆ ತೆರೆದರು. ಜನತಾ ವಿದ್ಯಾಲಯ ಅಂತ ಹೆಸರು ನೋಡಿದ್ದೀರಲ್ಲ, ಭಟ್ಕಳ ತಾಲೂಕಿನ ಶಿರಾಲಿಯಲ್ಲೂ ಒಂದಿದೆ. ಅವೂ ಹೋದವು. ಗೋಖಲೆ ಹುಟ್ಟಿ ನೂರು ವರ್ಷವಾದ 1966ರಲ್ಲಿ ಶುರುವಾದ ಅಂಕೋಲೆಯ ಕಾಲೇಜಿಗೆ ಗೋಖಲೆ ಸೆಂಟಿನರಿ ಕಾಲೇಜ್ ಅಂತ ಯಾಕೆ ಹೆಸರು ಅನ್ನುವುದಕ್ಕೂ ಉತ್ತರ ಹೋಯಿತು. ಎಷ್ಟೋ ವಿದ್ಯಾರ್ಥಿಗಳು ಆ ಬೋರ್ಡಿನ ಕೆಳಗೆ ಓಡಾಡಿದ್ದಾರೆ. ಪುಣೆಯ ಗೋಖಲೆಗೂ ಅಂಕೋಲೆಗೂ ಎಲ್ಲಿಯ ಸಂಬಂಧ ಅಂತ ಎಷ್ಟು ಜನ ಕೇಳಿರಬಹುದು? ಆ ಬೋರ್ಡೇ ಒಬ್ಬ ಸದಸ್ಯನ ಗುರುತಿನ ಚೀಟಿ.

ಇನ್ನು ಚುಟುಕಗಳ ವಿಷಯ. ಧೈರ್ಯ ಮಾಡಿ ಹೇಳುತ್ತೇನೆ: 'ದಿನಕರನ ಚೌಪದಿ'ಯನ್ನು ಒಂದೇ ಕೂರಲ್ಲಿ ಓದಿದರೆ ಸುಸ್ತಾಗುತ್ತದೆ. ಎಷ್ಟೋ ಚುಟುಕ ಆವತ್ತಿನ ಪೇಪರಿನ ಸುದ್ದಿಗೆ ಬರೆದದ್ದು, ಸುದ್ದಿಯ ಜೊತೆಗೇ ಹಳತಾಗಿದೆ. ಪ್ರಾಸಕ್ಕೆ ಪ್ರಾಸ ಸಿಕ್ಕಿತು ಅಂತ ನಿಂತ ಚುಟುಕಗಳೂ ಇವೆ. ಬರೀ ಕವಿ ಅಂತ ಅಳೆದರೆ ಅವರಿಗೆ ನಷ್ಟವೇ. ಆದರೆ ಅವರು 'ಜನಸೇವಕ' ಅಂತ ವಾರಪತ್ರಿಕೆ ನಡೆಸಿದವರು, ಊರೂರು ತಿರುಗಿ ರೈತರ ಸಭೆ ಮಾಡಿದವರು ಅಂತ ನೆನಪಿಟ್ಟು ಓದಿ. ನಾಲ್ಕೇ ಸಾಲು ಯಾಕೆ ಅಂತ ಗೊತ್ತಾಗುತ್ತದೆ. ಓದಲು ಬಾರದವನೂ ಒಂದು ಸಲ ಕೇಳಿ ಮನೆಗೆ ಒಯ್ಯುವ ಅಳತೆ ಅದು.

ತನ್ನ ದೇಹ ಸುಟ್ಟ ಬೂದಿ ಭತ್ತದ ಗದ್ದೆಗೆ, ಹೊಳೆಯ ಮೀನಿಗೆ ಉಪಯೋಗವಾಗಲಿ ಅನ್ನುವ ಅವರ ಪದ್ಯವನ್ನು ನೀವು ಕ್ಯಾಸೆಟ್ಟಿನಲ್ಲೋ ಯೂಟ್ಯೂಬಿನಲ್ಲೋ ಕೇಳಿರುತ್ತೀರಿ. ಭಾವಗೀತೆ ಅಂತ ಕಣ್ಣು ಮುಚ್ಚಿ ಕೇಳುತ್ತೇವೆ. ಅದರ ಕೊನೆಯಲ್ಲಿ ಬರುವುದು ಸೇವೆಯ ಮಾತು, ಬದುಕಿದ್ದಾಗ ಸೇವೆ ಆಗಲಿಲ್ಲ ಅನ್ನುವ ಕೊರಗು. ಬೇರೆ ಯಾರೋ ಕವಿ ಬರೆದಿದ್ದರೆ ಅದು ವಿನಯ ಆಗುತ್ತಿತ್ತು. ಸೇವಕ ಅಂತಲೇ ಪ್ರತಿಜ್ಞೆ ಮಾಡಿ ಸದಸ್ಯನಾದವನು ಬರೆದಾಗ ಅದು ಲೆಕ್ಕ ಒಪ್ಪಿಸುವುದು. ಅಷ್ಟೆಲ್ಲ ಮಾಡಿದವರು ತಮ್ಮ ಬ್ಯಾಲೆನ್ಸ್ ಸೊನ್ನೆ ಅಂತ ಬರೆದುಕೊಂಡಿದ್ದಾರೆ. ಸದಸ್ಯತ್ವ ಗೊತ್ತಿಲ್ಲದೆ ಆ ಪದ್ಯ ಅರ್ಧವೇ ಕೇಳುತ್ತದೆ.

ಇದನ್ನು ನಾನು ಸುಮ್ಮನೆ ದೂರದಿಂದ ಹೇಳುತ್ತಿಲ್ಲ. ನನ್ನ ಅಜ್ಜ ಗೇಣಿಗೆ ಗದ್ದೆ ಮಾಡಿದವ. ಗದ್ದೆ ನಮ್ಮ ಹೆಸರಿಗೆ ಬಂದದ್ದು 1974ರ ಭೂಸುಧಾರಣೆಯಿಂದ, ದೇಸಾಯಿಯವರಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಒಡೆಯರ ಮನೆಯಂಗಳದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಲ್ಲಬಹುದು ಅಂತ ಅಜ್ಜನ ಪ್ರಾಯದವರಿಗೆ ಮೊದಲು ಹೇಳಿದವರಲ್ಲಿ ಅವರೊಬ್ಬರು. ನಮ್ಮ ಚಿಕ್ಕಪ್ಪ ಓದಿದ್ದು ಅವರ ಟ್ರಸ್ಟಿನ ಶಾಲೆಯಲ್ಲಿ. ನಡೆದು ಹೋಗುವಷ್ಟು ಹತ್ತಿರ ಹೈಸ್ಕೂಲು ಇತ್ತು ಅನ್ನುವ ಒಂದೇ ಕಾರಣಕ್ಕೆ ನಮ್ಮ ಮನೆಯಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಪಾಸಾದವ ಅವ. ಮುಂದೆ ಮಾಸ್ತರನಾದ, ಲಾಟೀನು ಬೆಳಕಲ್ಲಿ ನನಗೆ ಗಣಿತ ತಿದ್ದಿದ. ನಾನು ಬಿಇ ಮಾಡಿದ್ದು ಭಟ್ಕಳದಲ್ಲಿ, ಅಂಜುಮನ್ ಸಂಸ್ಥೆ 1980ರಲ್ಲಿ ತೆರೆದ ಕಾಲೇಜಿನಲ್ಲಿ. ಆ ಸಂಸ್ಥೆಯನ್ನು ಭಟ್ಕಳದ ಮುಸ್ಲಿಮರು ತಮ್ಮ ಮಕ್ಕಳು ಓದಲಿ ಅಂತ ಕಟ್ಟಿದ್ದು 1919ರಲ್ಲಿ. ಅವರು ಕಟ್ಟಿದ ಕಾಲೇಜಿನಲ್ಲಿ ಹೊನ್ನಾವರದ ಗದ್ದೆ ಬದಿಯ ನನಗೂ ಒಂದು ಬೆಂಚು ಸಿಕ್ಕಿತು. ಅಂದರೆ ನನ್ನ ಬಯೋಡೇಟಾದ ಪ್ರತಿ ಸಾಲಿನ ಹಿಂದೆಯೂ ಯಾವುದೋ ಸಂಘದ ಯಾವುದೋ ಸದಸ್ಯರು ಇದ್ದಾರೆ. ನಾನು ಮಾತ್ರ ಅಪಾರ್ಟ್‌ಮೆಂಟ್ ಅಸೋಸಿಯೇಶನ್ ಬಿಟ್ಟು ಯಾವುದರ ಸದಸ್ಯನೂ ಅಲ್ಲ. ಅಲ್ಲಿಯೂ ನನ್ನ ಸೇವೆ ಪಾರ್ಕಿಂಗ್ ಜಗಳಕ್ಕೇ ಮೀಸಲು.

ಎಕ್ಸೆಲ್ ಶೀಟಿಗೆ ವಾಪಸ್ ಬರುತ್ತೇನೆ. ನೀಟ್ ಮಾಡುವ ನೆಪದಲ್ಲಿ ನಾನೊಂದು ನಾಲ್ಕನೇ ಕಾಲಂ ಸೇರಿಸಿದೆ: 'ಶಾಲೆಗೆ ಮಾಡಿದ್ದು.' ಗುಂಪಿಗೆ ಕಳಿಸಿ, ತುಂಬಿಸಿ ಅಂದೆ. ಒಂದು ವಾರದಲ್ಲಿ ಮೂವತ್ತೊಂದರಲ್ಲಿ ನಾಲ್ಕು ತುಂಬಿತು. ಆಮೇಲೆ ಒಬ್ಬ ಸಹಪಾಠಿ ಪರ್ಸನಲ್ ಮೆಸೇಜ್ ಮಾಡಿದ. ಪಟ್ಟಿಯಲ್ಲಿ ಇಲ್ಲದವ, ಹೊನ್ನಾವರದಲ್ಲಿ ರಿಕ್ಷಾ ಓಡಿಸುತ್ತಾನೆ. "ಮಳೆಗಾಲದ ಮೊದಲು ಶಾಲೆ ಹಂಚು ಕೈಯಾಡಿಸಲಿಕ್ಕೆ ನಾವು ನಾಲ್ಕು ಜನ ಹೋಗ್ತು ಮಾರಾಯ, ಅದು ಬರೀಬೇಕಾ?" ಅಂತ ಕೇಳಿದ್ದ. ಹನ್ನೊಂದು ವರ್ಷದಿಂದ ಹೋಗುತ್ತಿದ್ದಾರಂತೆ.

ಮಾಸ್ತರಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಮಾ, ನೀ ಹೇಳೂದು ಸರಿ. ಆದರೆ ಇಪ್ಪತ್ತೇಳು ಖಾಲಿ ಬಿಟ್ಟು ಪ್ರಿಂಟ್ ಮಾಡಿದ್ರೆ ಚಂದ ಕಾಣೂದಿಲ್ಲ. ಜಾಹೀರಾತು ಕೊಟ್ಟವರೂ ಅದರಲ್ಲೇ ಇದ್ದಾರೆ" ಅಂದರು. ಅವರದ್ದೂ ತಪ್ಪಲ್ಲ, ಪ್ರೆಸ್ಸಿನ ಬಿಲ್ ಕಟ್ಟಬೇಕಲ್ಲ. ಕಾಲಂ ತೆಗೆದೆವು. ಹಂಚು ಹೊದೆಸುವ ನಾಲ್ಕು ಜನರ ಹೆಸರನ್ನು ಮೂವತ್ತೆರಡರಿಂದ ಮೂವತ್ತೈದರವರೆಗೆ ಸೇರಿಸಲು ಮಾಸ್ತರು ಒಪ್ಪಿದರು. ಹದಿನೇಳನೇ ಸಾಲು ತೆಗೆಯಲು ಮಾತ್ರ ಒಪ್ಪಲಿಲ್ಲ.

ಮೇ ಕೊನೆಯ ವಾರಕ್ಕೆ ರಜೆ ಹಾಕಿದ್ದೇನೆ. ಹಂಚಿನ ಮಾಡು ಹತ್ತಿ ಹದಿನೈದು ವರ್ಷ ಮೇಲಾಯಿತು. ಕೆಳಗೆ ನಿಂತು ಹಂಚು ಎತ್ತಿ ಕೊಡು ಸಾಕು ಅಂದಿದ್ದಾನೆ ರಿಕ್ಷಾದವ.