ನಲ್ಲಿಗೆ ಜಾಲರಿ ಬಂತು, ಮೀಟರ್ ಬರಲಿಲ್ಲ

2024ರ ಮಾರ್ಚ್‌ನಲ್ಲಿ ಬೋರುಗಳು ಬತ್ತಿ ಬೆಂಗಳೂರು ಟ್ಯಾಂಕರಿಗಾಗಿ ಕಾದು ಕೂತಿದ್ದಾಗ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಜೊತೆಗೆ ಹೋಟೆಲು, ಮಾಲು, ಅಪಾರ್ಟ್‌ಮೆಂಟುಗಳ ಸಾರ್ವಜನಿಕ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು. ಆ ಗಾಳಿಯಲ್ಲೇ ಅದು ನಮ್ಮ ಮನೆಯ ನಲ್ಲಿಗಳಿಗೂ ಬಂದು ಕೂತಿತು.

ವಸ್ತು ಸಣ್ಣದು, ನಲ್ಲಿಯ ಬಾಯಿಗೆ ತಿರುಪುವ ಜಾಲರಿ. ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ನೊರೆಯಾಗಿಸುತ್ತದೆ. ನಿಮಿಷಕ್ಕೆ ಹತ್ತು ಲೀಟರ್ ಸುರಿಯುತ್ತಿದ್ದ ನಲ್ಲಿ ಮೂರಕ್ಕೆ ಇಳಿಯುತ್ತದೆ. ಕೈ ತೊಳೆಯುವ ಬೇಸಿನ್ನಿನಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಪಾತ್ರೆಯ ಸಿಂಕಿನಲ್ಲಿ ಅರ್ಧ ಅಂಕ, ಏಕೆಂದರೆ ಹುಳಿಯ ಪಾತ್ರೆಯ ತಳಕ್ಕೆ ನೊರೆ ಸಾಲದು, ರಭಸ ಬೇಕು. ಬಚ್ಚಲಲ್ಲಿ ಸೊನ್ನೆ. ಶವರಿನ ನಾಡಿಗೆ ಸರಿ, ನಾವು ಬಕೆಟ್ಟು ಚೊಂಬಿನ ಜನ. ಹದಿನೈದು ಲೀಟರಿನ ಬಕೆಟ್ಟಿಗೆ ಹದಿನೈದು ಲೀಟರೇ ಬೇಕು. ಮೊದಲು ಒಂದೂವರೆ ನಿಮಿಷದಲ್ಲಿ ತುಂಬುತ್ತಿತ್ತು, ಈಗ ಐದು ನಿಮಿಷ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನೋಡಿ ಬರೋಣವೆಂದು ಹೋದರೆ, ಬರುವ ಹೊತ್ತಿಗೆ ಬಕೆಟ್ಟು ಉಕ್ಕಿ ಹರಿದಿರುತ್ತದೆ. ಹಾಲೂ ಉಕ್ಕಿರುತ್ತದೆ, ಅದು ಬೇರೆ ಮಾತು.

ಜಾಲರಿ ಹಾಕಿದ ಸಿಂಕಿನ ಮೇಲೆಯೇ ಆರ್‌ಒ ಯಂತ್ರ ನೇತಾಡುತ್ತಿದೆ. ಮನೆಬಳಕೆಯ ಸಾಮಾನ್ಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ಗಡಸು ಬೋರ್ ನೀರಿಗಾದರೆ ಬೇಕು ಅನ್ನಬಹುದು. ಲವಣ ಕಡಿಮೆ ಇರುವ ಕಾವೇರಿ ನೀರಿಗೇಕೆ? ಒಮ್ಮೆ ಒತ್ತಿದರೆ ಹತ್ತು ಲೀಟರ್ ನುಂಗುವ ಹಳೆಯ ಫ್ಲಶ್ ಟ್ಯಾಂಕಿನ ಮಾತನ್ನಂತೂ ಯಾರೂ ಎತ್ತಲಿಲ್ಲ.

ಇವೆಲ್ಲ ಸಣ್ಣ ತಕರಾರು. ಏರಿಯೇಟರಿನ ಹಿಂದೆ ಲೆಕ್ಕವಿಲ್ಲ ಎಂಬುದು ನನ್ನ ದೊಡ್ಡ ತಕರಾರು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತದಲ್ಲಿ ಪಂಪು ಮಾಡಿ ತಂದ ನೀರಿದು. 2014ರ ದರಪಟ್ಟಿಯಲ್ಲಿ ಬಿಡಿ ಮನೆಗಳಿಗೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ 7 ರೂಪಾಯಿ ಇತ್ತು, 50,000 ದಾಟಿದರೆ 45. ಹೆಚ್ಚು ಸುರಿದವನ ಜೇಬಿಗೆ ಹೆಚ್ಚು ಕತ್ತರಿ ಎಂಬುದು ಅದರ ತರ್ಕ. ನಮ್ಮಂಥ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಆ ಕತ್ತರಿ ಗೇಟಿನಲ್ಲೇ ನಿಲ್ಲುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಮೀಟರ್, ಬಿಲ್ಲನ್ನು ಚದರಡಿಯ ಮೇಲೆ ಹಂಚುತ್ತಾರೆ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಕುಂಡಕ್ಕೆ ಸುರಿಯುವ ಕೆಳಮನೆಯ ಅಜ್ಜಿ, ದಿನಾ ಬಾತ್‌ಟಬ್ ತುಂಬಿಸುವ ಮೇಲಿನವರು, ಇಬ್ಬರದೂ ಒಂದೇ ಅಳತೆಯ ಫ್ಲ್ಯಾಟು, ಒಂದೇ ಮೊತ್ತ. ಅಜ್ಜಿ ಉಳಿಸಿದ್ದು ಅಜ್ಜಿಗೇ ಕಾಣುವುದಿಲ್ಲ.

ಸಂಘದ ಸಭೆಯಲ್ಲಿ ಒಮ್ಮೆ ಮನೆಗೊಂದು ಮೀಟರಿನ ಮಾತು ಬಂತು. ಪ್ಲಂಬರ್ ತಾರಸಿ ಹತ್ತಿ ನೋಡಿ ಇಳಿದ. ಅಡುಗೆಮನೆಗೊಂದು, ಒಂದೊಂದು ಬಚ್ಚಲಿಗೂ ಒಂದೊಂದು ಪೈಪು ಮೇಲಿನ ಟ್ಯಾಂಕಿನಿಂದ ನೇರ ಇಳಿದಿದೆಯಂತೆ. ಮನೆಗೆ ಒಂದಲ್ಲ, ನಾಲ್ಕು ಮೀಟರ್ ಬೇಕು. ಖರ್ಚು ಕೇಳಿದ ಮೇಲೆ ಯಾರೋ ಕಾಫಿ ಆರುತ್ತಿದೆ ಅಂದರು. ಏರಿಯೇಟರ್ ಮಾತ್ರ ಎರಡೇ ನಿಮಿಷದಲ್ಲಿ ಒಮ್ಮತದಿಂದ ಪಾಸಾಯಿತು.